ಕಥೆ ಕೇಳಿದ ಮಗು ಕಪಾಟಿನ ಬಳಿ ಹೋಯಿತೇ?

ಮಕ್ಕಳು ಓದುವುದಿಲ್ಲ ಎಂಬ ದೂರು ಎಲ್ಲ ತಲೆಮಾರಿನ ಹಿರಿಯರ ಬಾಯಲ್ಲೂ ಇತ್ತು. ಈಗ ಅದಕ್ಕೆ ಅಂಕಿಅಂಶಗಳ ಬೆಂಬಲವೂ ಸಿಕ್ಕಿದೆ. ಅಮೆರಿಕದ ರಾಷ್ಟ್ರೀಯ ಕಲಿಕಾ ಸಮೀಕ್ಷೆಯಲ್ಲಿ, ಹೆಚ್ಚುಕಡಿಮೆ ಪ್ರತಿದಿನ ಖುಷಿಗಾಗಿ ಓದುತ್ತೇವೆ ಎಂದ 13 ವರ್ಷದ ಮಕ್ಕಳು 2012ರಲ್ಲಿ ಶೇ 27ರಷ್ಟಿದ್ದರು. 2023ರಲ್ಲಿ ಆ ಪ್ರಮಾಣ ಶೇ 14ಕ್ಕೆ ಇಳಿದಿತ್ತು. ಬ್ರಿಟನ್ನಿನ ನ್ಯಾಷನಲ್ ಲಿಟರಸಿ ಟ್ರಸ್ಟ್ 2025ರಲ್ಲಿ 8ರಿಂದ 18 ವರ್ಷದವರನ್ನು ಕೇಳಿದಾಗ, ಬಿಡುವಿನಲ್ಲಿ ಓದುವುದು ಇಷ್ಟ ಎಂದವರು ಮೂವರಲ್ಲಿ ಒಬ್ಬರು ಮಾತ್ರ. ಆ ಸಂಸ್ಥೆ ಈ ಪ್ರಶ್ನೆ ಕೇಳತೊಡಗಿದ 20 ವರ್ಷಗಳಲ್ಲಿ ಇಷ್ಟು ಕಡಿಮೆ ಉತ್ತರ ಬಂದದ್ದಿಲ್ಲ. ಇವರಲ್ಲಿ ಹೆಚ್ಚಿನವರು ಅಕ್ಷರ ಬಾರದ ಮಕ್ಕಳಲ್ಲ. ಓದಲು ಬರುತ್ತದೆ, ಆದರೂ ಓದುವುದಿಲ್ಲ.

ಓದಲು ಬಾರದ್ದಕ್ಕೆ ಶಾಲೆಯಲ್ಲಿ ಮದ್ದಿದೆ. ಓದಲು ಬಂದೂ ಓದದ ಮಗುವಿಗೆ ಶಾಲೆ ಮಾಡಬಹುದಾದದ್ದು ಕಡಿಮೆ. ಅಲ್ಲಿ ಓದಿನ ಬೆನ್ನಿಗೇ ಪ್ರಶ್ನೋತ್ತರ ಬರುತ್ತದೆ, ಅಂಕ ಬರುತ್ತದೆ. ಏನು ಓದಬೇಕೆಂದು ಮಗುವೇ ತೀರ್ಮಾನಿಸಿ, ಹಿಡಿಸದಿದ್ದರೆ ಅರ್ಧಕ್ಕೇ ಬಿಟ್ಟು, ದುಡ್ಡು ಕೊಡದೆ ಇನ್ನೊಂದನ್ನು ಒಯ್ಯಬಹುದಾದ ಜಾಗ ಸಾರ್ವಜನಿಕ ಗ್ರಂಥಾಲಯ. ಹಾಗಾಗಿ ಈ ಕುಸಿತದ ಬಗ್ಗೆ ಮಾತಾಡುವವರು ಗ್ರಂಥಾಲಯದ ಮಕ್ಕಳ ವಿಭಾಗವನ್ನು ಬಿಟ್ಟು ಮಾತು ಮುಗಿಸುವಂತಿಲ್ಲ.

ಮಕ್ಕಳ ವಿಭಾಗಗಳೂ ಸುಮ್ಮನೆ ಕೂತಿಲ್ಲ. ಕಥಾ ಸಮಯ, ಗೊಂಬೆಯಾಟ, ಕರಕುಶಲ ಕಮ್ಮಟ, ಲೇಖಕರ ಭೇಟಿ, ಕೋಡಿಂಗ್ ತರಗತಿ, ರಜೆಯ ಓದಿನ ಸ್ಪರ್ಧೆ ಎಲ್ಲ ನಡೆಯುತ್ತವೆ. ತಡವರಿಸಿ ಓದುವ ಮಕ್ಕಳು ಅಂಜಿಕೆಯಿಲ್ಲದೆ ನಾಯಿಯ ಪಕ್ಕ ಕೂತು ಅದಕ್ಕೆ ಕಥೆ ಓದಿ ಹೇಳುವ ಕಾರ್ಯಕ್ರಮಗಳೂ ಇವೆ. ಸಭಾಂಗಣ ತುಂಬುತ್ತದೆ, ಫೋಟೊ ತೆಗೆಯುತ್ತಾರೆ, ವಾರ್ಷಿಕ ವರದಿಯಲ್ಲಿ ಹಾಜರಿಯ ಸಂಖ್ಯೆ ಏರುತ್ತದೆ. ನನ್ನ ತಕರಾರು ಇರುವುದು ಅದರ ನಂತರದ ಹತ್ತು ನಿಮಿಷಗಳ ಬಗ್ಗೆ. ಕಾರ್ಯಕ್ರಮ ಮುಗಿದ ಮೇಲೆ ಎಷ್ಟು ಮಕ್ಕಳು ಕಪಾಟಿನ ಕಡೆ ತಿರುಗಿದರು, ಏನು ತೆಗೆದರು, ಅಲ್ಲಿ ಅವರ ಜೊತೆ ಯಾರಾದರೂ ಮಾತಾಡಿದರೇ ಎಂಬುದನ್ನು ಹಾಜರಿ ಪುಸ್ತಕ ಹೇಳುವುದಿಲ್ಲ. ದೊಡ್ಡ ಗ್ರಂಥಾಲಯಗಳಲ್ಲಂತೂ ಕಾರ್ಯಕ್ರಮ ನಡೆಸುವವರು ಒಬ್ಬರು, ಪುಸ್ತಕ ಕೊಳ್ಳುವವರು ಇನ್ನೊಬ್ಬರು, ಓದಿನ ಪಟ್ಟಿ ತಯಾರಿಸುವವರು ಮತ್ತೊಬ್ಬರು. ಈ ಮೂವರೂ ಕೂತು ಮಾತಾಡದಿದ್ದರೆ ಕಾರ್ಯಕ್ರಮ ಒಂದು ಸಂಜೆಯ ಮನರಂಜನೆಯಾಗಿ ಮುಗಿಯುತ್ತದೆ, ಪಟ್ಟಿ ಗೋಡೆಗೆ ಅಂಟಿದ ಕಾಗದವಾಗಿ ಉಳಿಯುತ್ತದೆ.

ಕಥಾ ಸಮಯ ಯಾರಿಗಾಗಿ?

ಚಿಕ್ಕ ಮಕ್ಕಳಿಗೆ ಕಥೆ ಓದಿ ಹೇಳುವುದರಿಂದ ಭಾಷೆ ಬೆಳೆಯುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತು. ಹೇಗೆ ಓದಿ ಹೇಳುತ್ತೇವೆ ಎಂಬುದರ ಮೇಲೆ ಆ ಬೆಳವಣಿಗೆ ಎಷ್ಟು ನಿಂತಿದೆ ಎಂಬುದು ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯ. ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆತಾಯಂದಿರಿಗೆ ಅವರು ಹೇಳಿಕೊಟ್ಟದ್ದು ಇಷ್ಟೇ: ಪುಟ ತಿರುವುತ್ತಾ ಹೋಗಬೇಡಿ, ನಿಲ್ಲಿಸಿ ಕೇಳಿ; ಮಗು ಒಂದು ಪದ ಹೇಳಿದರೆ ಅದಕ್ಕೆ ಇನ್ನೆರಡು ಸೇರಿಸಿ ವಾಕ್ಯ ಮಾಡಿ ಹೇಳಿ; ಕಥೆ ಹೇಳುವ ಕೆಲಸವನ್ನು ಮೆಲ್ಲಗೆ ಮಗುವಿಗೇ ವಹಿಸಿ. ಮಾಮೂಲಿನಂತೆ ಓದಿ ಹೇಳಿಸಿಕೊಂಡ ಮಕ್ಕಳಿಗಿಂತ ಈ ಮಕ್ಕಳು ಒಂದೇ ತಿಂಗಳಲ್ಲಿ ಮಾತಿನ ಅಭಿವ್ಯಕ್ತಿಯಲ್ಲಿ ಹಲವು ತಿಂಗಳಷ್ಟು ಮುಂದೆ ಹೋದರು. ಓದಿದ ಅವಧಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಬದಲಾದದ್ದು ಮಾತುಕತೆ.

ಇದನ್ನು ಗ್ರಂಥಾಲಯದ ಸಭಾಂಗಣಕ್ಕೆ ಅನ್ವಯಿಸಿ ನೋಡಿ. ವೇದಿಕೆ, ಮೈಕು, ವೇಷ ಹಾಕಿದ ಕಥೆಗಾರ, ಎದುರಿಗೆ ನೂರು ಮಕ್ಕಳು. ಸಂಭ್ರಮ ದೊಡ್ಡದೇ, ಆದರೆ ಅಲ್ಲಿ ಯಾವ ಮಗುವೂ ಬಾಯಿ ಬಿಡುವ ಅವಕಾಶವಿಲ್ಲ. ಹತ್ತು ಹದಿನೈದು ಮಕ್ಕಳನ್ನು ನೆಲದ ಮೇಲೆ ಕೂರಿಸಿಕೊಂಡು, ಪುಸ್ತಕವನ್ನು ಅವರ ಕಡೆ ತಿರುಗಿಸಿ ಹಿಡಿದು, 'ಈಗ ಇವನು ಎಲ್ಲಿಗೆ ಹೋಗ್ತಾನೆ ಅನ್ಸುತ್ತೆ?' ಎಂದು ಕೇಳಿ ಉತ್ತರಕ್ಕಾಗಿ ಕಾಯುವ ಗ್ರಂಥಪಾಲಕಿ ಮಾಡುತ್ತಿರುವುದು ಬೇರೆಯೇ ಕೆಲಸ. ಹಾಜರಿ ಲೆಕ್ಕದಲ್ಲಿ ಅವಳು ಸೋಲುತ್ತಾಳೆ. ಅದು ಲೆಕ್ಕದ ತಪ್ಪು.

ಕಥಾ ಸಮಯಕ್ಕೆ ಇನ್ನೊಬ್ಬ ವಿದ್ಯಾರ್ಥಿಯೂ ಇದ್ದಾರೆ: ಮಗುವನ್ನು ಕರೆತಂದ ದೊಡ್ಡವರು. ಅಮೆರಿಕನ್ ಲೈಬ್ರರಿ ಅಸೋಸಿಯೇಷನ್ನಿನ ಎರಡು ವಿಭಾಗಗಳು ಸೇರಿ 2004ರಲ್ಲಿ ರೂಪಿಸಿದ 'ಎವ್ರಿ ಚೈಲ್ಡ್ ರೆಡಿ ಟು ರೀಡ್' ಯೋಜನೆಯ ತಿರುಳೇ ಇದು. ವಾರಕ್ಕೆ ಅರ್ಧ ಗಂಟೆಯಲ್ಲಿ ಗ್ರಂಥಾಲಯ ಒಂದು ಮಗುವಿಗೆ ಏನನ್ನೂ ಪೂರ್ತಿ ಕಲಿಸಲಾರದು. ಉಳಿದ ದಿನಗಳಲ್ಲಿ ಮನೆಯಲ್ಲಿ ಏನು ಮಾಡಬಹುದೆಂದು ಪಾಲಕರಿಗೆ ಮಾಡಿ ತೋರಿಸಬಲ್ಲದು. 2011ರ ಪರಿಷ್ಕೃತ ರೂಪದಲ್ಲಿ ಅದು ಐದು ಕ್ರಿಯೆಗಳಾಗಿ ಸರಳವಾಯಿತು: ಮಾತು, ಹಾಡು, ಓದು, ಬರವಣಿಗೆ, ಆಟ. ಇವುಗಳಲ್ಲಿ ಯಾವುದಕ್ಕೂ ದುಬಾರಿ ಸಲಕರಣೆ ಬೇಕಿಲ್ಲ. ಆದರೆ ಪಾಲಕರು ಹಿಂದಿನ ಸಾಲಿನಲ್ಲಿ ಮೊಬೈಲ್ ನೋಡುತ್ತಾ ಕೂತಿದ್ದರೆ ಈ ಪಾಠ ಅವರಿಗೆ ತಲುಪದು. ಒಳ್ಳೆಯ ಕಥೆಗಾರರು ಅವರನ್ನೂ ಮುಂದಕ್ಕೆ ಕರೆದು ಮಕ್ಕಳ ಪಕ್ಕದಲ್ಲೇ ಕೂರಿಸುತ್ತಾರೆ, ಪ್ರಾಸದ ಹಾಡನ್ನು ಅವರ ಬಾಯಲ್ಲೂ ಹೇಳಿಸುತ್ತಾರೆ.

'ಕಳೆದ ವಾರ ಓದಿದ್ದೇ ಮತ್ತೆ ಓದುತ್ತಿದ್ದಾರಲ್ಲ' ಎಂದು ಗೊಣಗುವ ಪಾಲಕರಿಗೆ ಒಂದು ಉತ್ತರ. ಜೆಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಪ್ರಯೋಗದಲ್ಲಿ ಹೊಸ ಪದಗಳನ್ನು ಚೆನ್ನಾಗಿ ಕಲಿತದ್ದು, ಒಂದೇ ಕಥೆಯನ್ನು ಮರಳಿ ಮರಳಿ ಕೇಳಿದ ಮಕ್ಕಳು. ಅಷ್ಟೇ ಸಲ ಅದೇ ಪದಗಳನ್ನು ಬೇರೆ ಬೇರೆ ಕಥೆಗಳಲ್ಲಿ ಕೇಳಿದವರು ಹಿಂದುಳಿದರು. ಮಗು ಅದೇ ಪುಸ್ತಕವನ್ನು ಮತ್ತೆ ಎರವಲು ತಂದರೆ ಬೈಯಬೇಡಿ.

ಇಲ್ಲಿ ಒಂದು ದೊಡ್ಡ ಅಸಮತೋಲ ಇದೆ, ಅದರ ಬಗ್ಗೆ ಸಾಕಷ್ಟು ಮಾತು ನಡೆಯುತ್ತಿಲ್ಲ. ಕಥಾ ಸಮಯಗಳಲ್ಲಿ ಹೆಚ್ಚಿನವು ಆರು ವರ್ಷದೊಳಗಿನವರಿಗೆ. ಓದು ಕುಸಿಯುವುದು ಅದಕ್ಕಿಂತ ತಡವಾಗಿ. ಎಂಟರಿಂದ ಒಂಬತ್ತಕ್ಕೆ ಕಾಲಿಡುವಾಗ ಖುಷಿಗಾಗಿ ಓದುವವರ ಪ್ರಮಾಣ ತಟ್ಟನೆ ಇಳಿಯುವುದನ್ನು ಪ್ರಕಾಶನ ಸಂಸ್ಥೆ ಸ್ಕೊಲಾಸ್ಟಿಕ್ ತನ್ನ ಸಮೀಕ್ಷೆಗಳಲ್ಲಿ ಗುರುತಿಸಿದೆ. ಸರಿಯಾಗಿ ಅದೇ ವಯಸ್ಸಿಗೆ, 'ಇನ್ನು ನೀನೇ ಓದಿಕೊಳ್ಳಬಲ್ಲೆ' ಎಂದು ಮನೆಯವರು ಓದಿ ಹೇಳುವುದನ್ನು ನಿಲ್ಲಿಸಿರುತ್ತಾರೆ. ಚಿತ್ರಪುಸ್ತಕ ಬಿಟ್ಟು ಅಧ್ಯಾಯಗಳಿರುವ ದಪ್ಪ ಪುಸ್ತಕಕ್ಕೆ ದಾಟಬೇಕಾದ ಹೊತ್ತಿನಲ್ಲಿ ಮಗುವಿನ ಜೊತೆ ಯಾರೂ ಇರುವುದಿಲ್ಲ. ಒಂಬತ್ತರ ಮಗುವಿಗೂ ದೊಡ್ಡವರು ಓದಿ ಹೇಳಬೇಕು. ದಿನಕ್ಕೊಂದು ಅಧ್ಯಾಯದಂತೆ ಧಾರಾವಾಹಿಯಾಗಿ ಓದಿ, ಕುತೂಹಲದ ಜಾಗದಲ್ಲಿ ನಿಲ್ಲಿಸುವ ಕಾರ್ಯಕ್ರಮ ಯಾವ ಗ್ರಂಥಾಲಯಕ್ಕೂ ಹೊರೆಯಲ್ಲ. ಮುಂದೇನಾಯಿತೆಂದು ತಿಳಿಯುವ ಆತುರದಲ್ಲಿ ಕೆಲವರಾದರೂ ಅದೇ ಪುಸ್ತಕದ ಇನ್ನೊಂದು ಪ್ರತಿ ಕೇಳಿಯೇ ಕೇಳುತ್ತಾರೆ. ಆಗ ಇನ್ನೊಂದು ಪ್ರತಿ ಕಪಾಟಿನಲ್ಲಿ ಇರಬೇಕು, ಅಷ್ಟೇ.

'ಎಷ್ಟನೇ ತರಗತಿ?'

'ನನ್ನ ಮಗುವಿಗೆ ಒಂದು ಒಳ್ಳೆಯ ಪುಸ್ತಕ ಹೇಳಿ' ಎಂದು ಪಾಲಕರು ಕೇಳಿದಾಗ ಮೊದಲು ಬಾಯಿಗೆ ಬರುವ ಮರುಪ್ರಶ್ನೆ ಇದು. ಉತ್ತರ ಸಿಕ್ಕ ಕೂಡಲೇ ಆ ತರಗತಿಯ ಪಟ್ಟಿ ಕೈಗೆ ಬರುತ್ತದೆ. ಅಷ್ಟರಲ್ಲಿ ಓದಬೇಕಾದ ಮಗುವಿನೊಂದಿಗೆ ಯಾರೂ ಒಂದು ಮಾತೂ ಆಡಿರುವುದಿಲ್ಲ.

ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಎಸ್. ಆರ್. ರಂಗನಾಥನ್ ಪ್ರಕಟಿಸಿದ್ದು 1931ರಲ್ಲಿ. ಪ್ರತಿ ಓದುಗನಿಗೆ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೆ ಅದರ ಓದುಗ ಎಂಬ ಎರಡನೆಯ ಮತ್ತು ಮೂರನೆಯ ಸೂತ್ರಗಳನ್ನು ಮಕ್ಕಳ ವಿಭಾಗದಷ್ಟು ಕಷ್ಟಪಟ್ಟು ಪಾಲಿಸಬೇಕಾದ ಜಾಗ ಇನ್ನೊಂದಿಲ್ಲ. ದೊಡ್ಡವರು ತಮಗೆ ಬೇಕಾದ್ದನ್ನು ಹೆಸರಿಟ್ಟು ಕೇಳುತ್ತಾರೆ. ಮಗುವಿಗೆ ತನಗೇನು ಬೇಕೆಂದು ಹೇಳಲು ಬಾರದು. ಹಿಂದೆ ಇಷ್ಟವಾದದ್ದು ಯಾವುದೆಂದು ಮಾತ್ರ ಹೇಳಬಲ್ಲದು. ಆದ್ದರಿಂದ ಅನುಭವವಿರುವ ಗ್ರಂಥಪಾಲಕರು ತರಗತಿ ಕೇಳುವುದಿಲ್ಲ. ಈಚೆಗೆ ಯಾವ ಕಥೆ ಇಷ್ಟವಾಯಿತು ಎಂದು ಕೇಳುತ್ತಾರೆ. ಅದು ಸಿನಿಮಾ ಆಗಿರಲಿ, ಆಟ ಆಗಿರಲಿ, ಪರವಾಗಿಲ್ಲ. ಅದರಲ್ಲಿ ಹಿಡಿಸಿದ್ದೇನು: ನಗು ಬಂತೇ, ಹೆದರಿಕೆಯಾಯಿತೇ, ಗುಟ್ಟು ಬಯಲಾಗುವುದಿತ್ತೇ, ಪ್ರಾಣಿಯಿತ್ತೇ? ತೆಳ್ಳಗಿನದು ಬೇಕೋ ದಪ್ಪನೆಯದೋ? ಚಿತ್ರ ಬೇಕೋ? ಪಕ್ಕದಲ್ಲಿ ನಿಂತ ಅಮ್ಮನೋ ಅಪ್ಪನೋ ಮಗುವಿನ ಪರವಾಗಿ ಉತ್ತರಿಸತೊಡಗಿದರೆ, ನಯವಾಗಿಯೇ ಮತ್ತೆ ಮಗುವಿನ ಮುಖ ನೋಡಿ ಕೇಳುತ್ತಾರೆ. ಕೊನೆಗೆ ಒಂದಲ್ಲ, ಮೂರು ನಾಲ್ಕು ಪುಸ್ತಕ ಕೈಗಿತ್ತು ಅಲ್ಲಿಂದ ಸರಿದು ಹೋಗುತ್ತಾರೆ. ಆ ಸರಿಯುವಿಕೆ ಬಹಳ ಮುಖ್ಯ. ತಲೆಯ ಮೇಲೆ ಒಬ್ಬರು ನಿಂತಿದ್ದರೆ ಯಾವ ಮಗುವೂ 'ಇದು ಬೇಡ' ಎನ್ನಲಾರದು.

ಬೇಡ ಎನ್ನುವ ಹಕ್ಕಿನ ಜೊತೆಗೇ ಬರುವುದು, ದೊಡ್ಡವರು ಓದೆಂದು ಒಪ್ಪದ್ದನ್ನೂ ಒಯ್ಯುವ ಹಕ್ಕು. ಕಾಮಿಕ್ಸ್, ವಿಶ್ವದಾಖಲೆಗಳ ಪುಸ್ತಕ, ಡೈನೊಸಾರ್‌ಗಳ ಸಚಿತ್ರ ಕೋಶ, ಒಂದೇ ಸರಣಿಯ ಇಪ್ಪತ್ತನೆಯ ಭಾಗ. ಕಥೆಯೇ ಹಿಡಿಸದ, ಮಾಹಿತಿ ಪುಸ್ತಕಗಳನ್ನು ಮಾತ್ರ ಬಗಲಲ್ಲಿಟ್ಟುಕೊಂಡು ಓಡಾಡುವ ಮಕ್ಕಳಿದ್ದಾರೆ. ಅವರನ್ನು ಓದದವರ ಸಾಲಿಗೆ ಸೇರಿಸಿ ನಾವು ಅನ್ಯಾಯ ಮಾಡುತ್ತಿದ್ದೇವೆ. ಸ್ವಂತ ಆಯ್ಕೆಗೆ ಎಷ್ಟು ಬಲವಿದೆ ಎಂಬುದಕ್ಕೆ ರಿಚರ್ಡ್ ಆಲಿಂಗ್ಟನ್ ಮತ್ತು ಆನ್ ಮೆಗಿಲ್-ಫ್ರಾಂಜನ್ ನಡೆಸಿ 2010ರಲ್ಲಿ ಪ್ರಕಟಿಸಿದ ಪ್ರಯೋಗ ಸಾಕ್ಷಿ. ಬಡ ಕುಟುಂಬಗಳ ಮಕ್ಕಳಿಗೆ ಸತತ ಮೂರು ಬೇಸಿಗೆ ರಜೆಗಳಲ್ಲಿ, ಪ್ರತಿ ಸಲ ತಾವೇ ಆರಿಸಿಕೊಂಡ 12 ಪುಸ್ತಕ ಕೊಡಲಾಯಿತು. ಮೂರು ವರ್ಷಗಳ ಕೊನೆಗೆ ಪುಸ್ತಕ ಸಿಗದ ಮಕ್ಕಳಿಗಿಂತ ಅವರ ಓದಿನ ಮಟ್ಟ ಮೇಲಿತ್ತು. ಅತಿ ಬಡ ಮಕ್ಕಳಲ್ಲಿ ಪರಿಣಾಮ ಇನ್ನೂ ಹೆಚ್ಚಾಗಿತ್ತು.

ಪುಸ್ತಕಗಳಿಗೆ ಅಂಕಿಯ ಮಟ್ಟ ಕಟ್ಟುವ ಪದ್ಧತಿ ಇದಕ್ಕೆ ವಿರುದ್ಧ ದಿಕ್ಕಿನದು. ಲೆಕ್ಸೈಲ್‌ನಂಥ ಅಳತೆಗಳು ವಾಕ್ಯದ ಉದ್ದ ಮತ್ತು ಪದಗಳ ಬಳಕೆಯ ಪ್ರಮಾಣ ನೋಡಿ ಅಂಕಿ ಕೊಡುತ್ತವೆ. ಒಳಗಿರುವ ವಿಷಯ ಅವಕ್ಕೆ ಕಾಣುವುದಿಲ್ಲ. ಜಾನ್ ಸ್ಟೈನ್‌ಬೆಕ್ ದೊಡ್ಡವರಿಗಾಗಿ ಬರೆದ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ಅಂಕಿ 680. ಆ ಲೆಕ್ಕದಲ್ಲಿ ಅದು ಎರಡು ಮೂರನೆಯ ತರಗತಿಯವರ ಪುಸ್ತಕ! ಶಿಕ್ಷಕರಿಗೆ ಪಾಠದ ತಯಾರಿಯಲ್ಲಿ ಈ ಅಂಕಿ ಉಪಯೋಗಕ್ಕೆ ಬರಬಹುದು. ಗ್ರಂಥಾಲಯದ ಕಪಾಟಿಗೆ, ಪುಸ್ತಕದ ಬೆನ್ನಿಗೆ ಅದನ್ನು ಅಂಟಿಸಿದರೆ ಆಗುವುದೇ ಬೇರೆ. ಹಿಂದುಳಿದ ಓದುಗ ಯಾವ ಬಣ್ಣದ ಚೀಟಿಯ ಮುಂದೆ ನಿಂತಿದ್ದಾನೆಂದು ಸಹಪಾಠಿಗಳಿಗೆಲ್ಲ ಕಾಣುತ್ತದೆ. ಅವನು ಮರುದಿನ ಆ ಕಪಾಟಿನ ಮುಂದೆ ನಿಲ್ಲುವುದಿಲ್ಲ. ಅಮೆರಿಕದ ಶಾಲಾ ಗ್ರಂಥಪಾಲಕರ ಸಂಘ ಇಂಥ ಗುರುತುಪಟ್ಟಿಯನ್ನು ಅಧಿಕೃತವಾಗಿಯೇ ವಿರೋಧಿಸಿದೆ. ಮಗುವಿನ ಖಾಸಗಿತನವೂ ಆಯ್ಕೆಯ ಸ್ವಾತಂತ್ರ್ಯವೂ ಅದರಿಂದ ಹೋಗುತ್ತವೆ ಎಂಬುದು ಅದರ ಕಾರಣ.

ಪಟ್ಟಿ ಮಾಡುವವರ ಕೈ

ಹಾಗಿದ್ದರೆ ಶಿಫಾರಸು ಪಟ್ಟಿಯೇ ಬೇಡವೇ? ಬೇಕು. ಸಾವಿರಾರು ಪುಸ್ತಕಗಳ ನಡುವೆ ದಾರಿ ತೋರುವವರು ಬೇಕೇ ಬೇಕು. ಆದರೆ ಪಟ್ಟಿಗೆ ಎಷ್ಟು ಬಲವಿದೆ, ಆ ಬಲ ಎರಡೂ ಕಡೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿಯಲು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆನ್ ಕ್ಯಾರೊಲ್ ಮೂರ್ 1906ರಿಂದ 1941ರವರೆಗೆ ಅಲ್ಲಿನ ಮಕ್ಕಳ ವಿಭಾಗಗಳ ಮುಖ್ಯಸ್ಥೆ. ಚಿಕ್ಕ ಮಕ್ಕಳನ್ನು ಗ್ರಂಥಾಲಯದ ಒಳಗೇ ಬಿಟ್ಟುಕೊಳ್ಳದ ಕಾಲದಲ್ಲಿ ಅವರು ಮಕ್ಕಳ ಎತ್ತರದ ಮೇಜು ಕುರ್ಚಿ ತರಿಸಿದರು, ಪುಸ್ತಕ ಮನೆಗೆ ಒಯ್ಯಲು ಬಿಟ್ಟರು, ಕಥಾ ಸಮಯ ನಡೆಸಿದರು. ಇಂದಿನ ಮಕ್ಕಳ ವಿಭಾಗದ ರೂಪ ಬಹುಪಾಲು ಅವರ ಕೊಡುಗೆ. ಅವರು ಪ್ರಕಟಿಸುತ್ತಿದ್ದ ಶಿಫಾರಸು ಪಟ್ಟಿ ಪ್ರಕಾಶಕರನ್ನೂ ನಡುಗಿಸುವಂಥದು. ಮಾರ್ಗರೆಟ್ ವೈಸ್ ಬ್ರೌನ್ ಅವರ 'ಗುಡ್‌ನೈಟ್ ಮೂನ್' ಎಂಬ ಮಕ್ಕಳ ಚಿತ್ರಪುಸ್ತಕ 1947ರಲ್ಲಿ ಬಂದಾಗ ನಿವೃತ್ತರಾಗಿದ್ದ ಮೂರ್ ಅವರಿಗೆ ಅದು ಹಿಡಿಸಲಿಲ್ಲ. ಅಷ್ಟೇ ಕಾರಣ, 1972ರವರೆಗೆ ಆ ಗ್ರಂಥಾಲಯ ಆ ಪುಸ್ತಕವನ್ನು ಇಟ್ಟುಕೊಳ್ಳಲೇ ಇಲ್ಲ. 25 ವರ್ಷ! 2020ರಲ್ಲಿ ತನ್ನ 125 ವರ್ಷಗಳಲ್ಲಿ ಅತಿ ಹೆಚ್ಚು ಎರವಲು ಹೋದ ಹತ್ತು ಪುಸ್ತಕಗಳನ್ನು ಪ್ರಕಟಿಸಿದಾಗ, ಈ ಪುಸ್ತಕ ಆ ಸಾಲಿನಲ್ಲಿ ಯಾಕಿಲ್ಲ ಎಂಬುದನ್ನು ಗ್ರಂಥಾಲಯವೇ ಪ್ರತ್ಯೇಕವಾಗಿ ವಿವರಿಸಬೇಕಾಯಿತು.

ಅದೇ ಸಂಸ್ಥೆಯ ಹಾರ್ಲೆಮ್ ಶಾಖೆಗೆ 1937ರಲ್ಲಿ ಆಗಸ್ಟಾ ಬೇಕರ್ ಬಂದರು. ಅಲ್ಲಿಗೆ ಬರುವ ಕಪ್ಪು ಮಕ್ಕಳು ತಮ್ಮಂಥವರನ್ನು ಪುಸ್ತಕದಲ್ಲಿ ಹುಡುಕಿದರೆ ಸಿಗುತ್ತಿದ್ದದ್ದು ಗೇಲಿಯ ಚಿತ್ರಗಳು, ಆಳುಗಳ ಪಾತ್ರಗಳು. ಬೇಕರ್ ಕಪ್ಪು ಬದುಕನ್ನು ಘನತೆಯಿಂದ ತೋರಿಸುವ ಪುಸ್ತಕಗಳನ್ನು ಹೆಕ್ಕಿ ಪಟ್ಟಿ ಮಾಡಿದರು, ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು, ಇಂಥ ಪುಸ್ತಕ ಇನ್ನಷ್ಟು ಬೇಕೆಂದು ಪ್ರಕಾಶಕರ ಬೆನ್ನು ಹತ್ತಿದರು. 1961ರಲ್ಲಿ ಇಡೀ ಸಂಸ್ಥೆಯ ಮಕ್ಕಳ ವಿಭಾಗಗಳ ಹೊಣೆ ಅವರದಾಯಿತು. ಮರುವರ್ಷ ಎಜ್ರಾ ಜ್ಯಾಕ್ ಕೀಟ್ಸ್ ಅವರ 'ದ ಸ್ನೋಯಿ ಡೇ' ಪ್ರಕಟವಾಯಿತು. ಅದರಲ್ಲಿ ಹಿಮದಲ್ಲಿ ಆಡುವ ಪುಟ್ಟ ನಾಯಕ ಕಪ್ಪು ಹುಡುಗ. 2020ರ ಆ ಪಟ್ಟಿಯ ಮೊದಲ ಸ್ಥಾನದಲ್ಲಿ ಇದ್ದದ್ದು ಅದೇ ಪುಸ್ತಕ, 4,85,583 ಎರವಲುಗಳೊಂದಿಗೆ.

ಇನ್ನೂ ಮೊದಲೇ, 1921ರಲ್ಲಿ, ಪೋರ್ಟೊರಿಕೊ ಮೂಲದ ಪೂರಾ ಬೆಲ್‌ಪ್ರೆ ಅಲ್ಲಿ ಕೆಲಸಕ್ಕೆ ಸೇರಿದ್ದರು. ತಾನು ಬಾಲ್ಯದಲ್ಲಿ ಕೇಳಿದ ಜನಪದ ಕಥೆಗಳಲ್ಲಿ ಒಂದೂ ಕಪಾಟಿನಲ್ಲಿಲ್ಲ ಎಂಬುದು ಅವರ ಕಣ್ಣಿಗೆ ಬಿತ್ತು. ಅವರು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಕಥೆ ಹೇಳಿದರು, ಗೊಂಬೆಗಳನ್ನು ಆಡಿಸಿದರು, ಕೊನೆಗೆ ಆ ಕಥೆಗಳನ್ನು ತಾವೇ ಬರೆದು ಪ್ರಕಟಿಸಿದರು. ಕಾರ್ಯಕ್ರಮದಿಂದ ಕಪಾಟಿಗೆ ದಾರಿ ಹೇಗೆ ಹಾಕಬೇಕೆಂದು ತೋರಿಸಿದವರು ಇವರು. ಮನೆಮಾತಿನಲ್ಲಿ ಕಥೆ ಕೇಳಿದ ಮಗುವಿನ ಜೊತೆ, ಗ್ರಂಥಾಲಯದ ಭಾಷೆ ಬಾರದೆ ಹೊರಗೇ ನಿಲ್ಲುತ್ತಿದ್ದ ಅದರ ತಾಯಿಯೂ ಒಳಗೆ ಬರುತ್ತಾಳೆ.

ಮಕ್ಕಳಿಗೆ ಪುಸ್ತಕ ಕನ್ನಡಿಯೂ ಆಗಬೇಕು, ಕಿಟಕಿಯೂ ಆಗಬೇಕು ಎಂದು ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರೂಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ತನ್ನ ಬದುಕು ಕಾಣಬೇಕು, ಬೇರೆಯವರದೂ ಕಾಣಬೇಕು. ಈಗ ಪಟ್ಟಿ ಮಾಡುವ ಕೆಲಸಕ್ಕೆ ಆಪ್‌ಗಳು, ತಂತ್ರಾಂಶಗಳು ಬಂದಿವೆ. 'ಇದನ್ನು ಓದಿದವರು ಇದನ್ನೂ ಓದಿದರು' ಎಂಬ ತರ್ಕ ಈಗಾಗಲೇ ಜನಪ್ರಿಯವಾದದ್ದನ್ನೇ ಮತ್ತೆ ಮುಂದಕ್ಕೆ ತಳ್ಳುತ್ತದೆ. ಯಾರೂ ಎರವಲು ಪಡೆಯದ, ಆದರೆ ಈ ಒಂದು ಮಗುವಿಗೆ ಸರಿಹೊಂದುವ ಪುಸ್ತಕ ಅದರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಆ ಪುಸ್ತಕವನ್ನು ಓದಿದ ಮನುಷ್ಯರೇ ಬೇಕು. ಪಟ್ಟಿಯ ಕೆಳಗೆ ಅದನ್ನು ಯಾರು, ಯಾವ ವರ್ಷ ಮಾಡಿದರು ಎಂದು ಬರೆಯುವ ಸಣ್ಣ ಪದ್ಧತಿಯನ್ನೂ ಗ್ರಂಥಾಲಯಗಳು ಶುರುಮಾಡಬೇಕು. ಆಗ ಅದು ಯಾರೋ ಒಬ್ಬರ ಅಭಿರುಚಿ ಎಂಬುದು ಓದುವವರಿಗೂ ನೆನಪಿರುತ್ತದೆ.

ಬಹುಮಾನ, ದಂಡ, ಲೆಕ್ಕ

ರಜೆಯ ಓದಿನ ಸ್ಪರ್ಧೆಗಳ ಉದ್ದೇಶ ಒಳ್ಳೆಯದೇ. ಶಾಲೆಯಿಲ್ಲದ ತಿಂಗಳುಗಳಲ್ಲಿ ಓದು ಜಾರದಿರಲಿ ಎಂಬುದು ಅದರ ಹಿಂದಿನ ಆಸೆ. ಆದರೆ 'ಇಪ್ಪತ್ತು ಪುಸ್ತಕ ಓದಿದವರಿಗೆ ಬಹುಮಾನ' ಎಂಬ ಫಲಕ ನೋಡಿದಾಗಲೆಲ್ಲ ನನಗೆ ಕಳವಳವಾಗುತ್ತದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸಲು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಒಂದು ಗುಂಪಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಕೆಲವು ದಿನಗಳ ನಂತರ, ಬಹುಮಾನದ ಮಾತೇ ಇಲ್ಲದ ಹೊತ್ತಿನಲ್ಲಿ, ಆ ಗುಂಪಿನವರು ಚಿತ್ರ ಬಿಡಿಸಲು ಕಳೆದ ಸಮಯ ಇತರರದರ ಸುಮಾರು ಅರ್ಧದಷ್ಟಿತ್ತು. ಇಷ್ಟಪಟ್ಟು ಮಾಡುತ್ತಿದ್ದದ್ದು ಕೂಲಿಯ ಕೆಲಸವಾಗಿತ್ತು. ಪುಸ್ತಕಗಳ ಸಂಖ್ಯೆಗೆ ಬಹುಮಾನವಿಟ್ಟರೆ ಮಕ್ಕಳು ತೆಳ್ಳಗಿನವನ್ನೇ ಹುಡುಕುತ್ತಾರೆ; ನಿಧಾನವಾಗಿ, ಆಳವಾಗಿ ಒಂದನ್ನೇ ಓದುವ ಮಗು ಕೊನೆಯ ಸ್ಥಾನಕ್ಕೆ ಬೀಳುತ್ತದೆ. ಕೊಡುವುದಾದರೆ ಪುಸ್ತಕವನ್ನೇ ಕೊಡಲಿ, ಭಾಗವಹಿಸಿದ ಎಲ್ಲರಿಗೂ ಕೊಡಲಿ, ಯಾವುದು ಬೇಕೆಂದು ಮಗುವೇ ಆರಿಸಲಿ.

ದಂಡದ ವಿಷಯದಲ್ಲಿ ಹೆಚ್ಚು ವಾದ ಬೇಕಿಲ್ಲ. ತಡವಾಗಿ ಹಿಂತಿರುಗಿಸಿದ್ದಕ್ಕೆ ವಿಧಿಸುತ್ತಿದ್ದ ದಂಡವನ್ನು ಷಿಕಾಗೊ 2019ರಲ್ಲಿ, ನ್ಯೂಯಾರ್ಕ್ 2021ರಲ್ಲಿ ಕೈಬಿಟ್ಟವು. ನ್ಯೂಯಾರ್ಕ್ ನಗರದಲ್ಲಿ ಆಗ ಬಾಕಿಯ ಕಾರಣಕ್ಕೆ ಎರವಲು ನಿಂತುಹೋಗಿದ್ದವರು ಸುಮಾರು 4 ಲಕ್ಷ ಮಂದಿ. ಅರ್ಧಕ್ಕಿಂತ ಹೆಚ್ಚಿನವರು ಬಡ ಬಡಾವಣೆಗಳವರು. ಮಗುವಿಗೆ ದಂಡ ಹಾಕಿದರೆ ಪುಸ್ತಕ ಬೇಗ ಬರುವುದಿಲ್ಲ, ಮಗು ಬರುವುದು ನಿಲ್ಲುತ್ತದೆ.

ಉಳಿದದ್ದು ಲೆಕ್ಕದ ಮಾತು. ಹಾಜರಿಯನ್ನು ಬರೆಯುವುದು ಬೇಡ ಎಂದು ನಾನು ಹೇಳುತ್ತಿಲ್ಲ, ಅನುದಾನ ಕೊಡುವವರು ಅದನ್ನು ಕೇಳುತ್ತಾರೆ. ಅದರ ಪಕ್ಕದಲ್ಲಿ ಇನ್ನೆರಡು ಅಂಕಣ ಬೇಕು: ಕಾರ್ಯಕ್ರಮದ ದಿನ ಮಕ್ಕಳ ವಿಭಾಗದಿಂದ ಎಷ್ಟು ಪುಸ್ತಕ ಹೊರಹೋಯಿತು, ಬಂದ ಮಕ್ಕಳಲ್ಲಿ ಎಷ್ಟು ಜನ ತಿಂಗಳೊಳಗೆ ಕಾರ್ಯಕ್ರಮವಿಲ್ಲದ ದಿನ ಮರಳಿದರು. ಯಾವ ಮಗು ಯಾವ ಪುಸ್ತಕ ಒಯ್ದಿತು ಎಂಬುದನ್ನು ವರದಿಗೆ ಎಳೆಯುವ ಅಗತ್ಯವಿಲ್ಲ, ಅದು ಮಗುವಿನ ಸ್ವಂತ ವಿಷಯ. ಒಟ್ಟು ಸಂಖ್ಯೆ ಸಾಕು. ಕಥೆಗೆ ಆರಿಸಿದ ಪುಸ್ತಕದ ಹೆಚ್ಚಿನ ಪ್ರತಿಗಳನ್ನೂ ಅದೇ ಬಗೆಯ ಇನ್ನು ಕೆಲವನ್ನೂ ಮುಖಪುಟ ಕಾಣುವಂತೆ, ಮಗುವಿನ ಕೈಗೆ ಎಟುಕುವಂತೆ, ಕಥೆಯ ಕೋಣೆಯ ಬಾಗಿಲಲ್ಲೇ ಇಡುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಕಷ್ಟವಾಗುವುದು ಜನ ಸಾಲದ ಕಡೆ. ಇರುವ ಒಬ್ಬರೇ ಗ್ರಂಥಪಾಲಕರು ಕಥೆ ಮುಗಿದ ಕೂಡಲೇ ಕುರ್ಚಿ ಜೋಡಿಸಲು, ಫೋಟೊ ಕಳಿಸಲು, ಮುಂದಿನ ಕಾರ್ಯಕ್ರಮದ ತಯಾರಿಗೆ ಓಡುತ್ತಾರೆ. ಕಪಾಟಿನ ಬಳಿ ಮಗು ಒಂಟಿಯಾಗಿ ನಿಂತಿರುತ್ತದೆ. ತಿಂಗಳಿಗೆ ನಾಲ್ಕು ಕಾರ್ಯಕ್ರಮ ನಡೆಸುವ ಕಡೆ ಮೂರೇ ನಡೆಯಲಿ. ಉಳಿಯುವ ಹೊತ್ತಿನಲ್ಲಿ ಮಕ್ಕಳ ಪುಸ್ತಕಗಳನ್ನು ಸ್ವತಃ ಓದಿರುವ ಒಬ್ಬರು, ಶಾಲೆ ಬಿಟ್ಟ ಮೇಲಿನ ವೇಳೆಯಲ್ಲಿ, ಬೇರೆ ಯಾವ ಕೆಲಸವನ್ನೂ ಹೊತ್ತುಕೊಳ್ಳದೆ ಆ ಕಪಾಟುಗಳ ನಡುವೆ ಇರಲಿ. ಮುಂದಿನ ವರ್ಷದ ಬಜೆಟ್ ಸಭೆಯಲ್ಲಿ ಗ್ರಂಥಾಲಯ ಸಮಿತಿಗಳು ಹೊಸ ಸಭಾಂಗಣಕ್ಕಿಂತ ಮೊದಲು ಮಂಜೂರು ಮಾಡಬೇಕಾದದ್ದು ಆ ಹುದ್ದೆಯನ್ನು.